ಸುರಪುರದ ಕಪ್ಪೆಗಳ ಇಪ್ಪತ್ತಮೂರನೆಯ ತಂತು

ಮದುವೆಯಾದ ಮೊದಲ ಮಳೆಗಾಲಕ್ಕೆ ನಾನು ಸುರಪುರದ ಅತ್ತೆಯ ಮನೆಗೆ ಎರಡು ಟ್ರಂಕು ತೆಗೆದುಕೊಂಡು ಹೋದೆ. ಸಣ್ಣದರಲ್ಲಿ ನಮ್ಮಿಬ್ಬರ ಬಟ್ಟೆ. ದೊಡ್ಡದರಲ್ಲಿ ಹತ್ತಿಯ ನಡುವೆ ಹುದುಗಿಸಿದ ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಗಳು, ಸ್ಪಿರಿಟ್ ದೀಪ, ಕೆಂಪು ಬಣ್ಣದ ಬಾಟಲಿ, ಘಾಟು ಹೊಡೆಯುವ ಆಮ್ಲ ಮತ್ತು ಕಪ್ಪೆಗಳನ್ನು ಅದ್ದಿಡಲು ಫಾರ್ಮಲಿನ್. ಹೈದರಾಬಾದಿನಿಂದ ಯಾದಗಿರಿಯವರೆಗೆ ರೈಲು, ಅಲ್ಲಿಂದ ಶಹಾಪುರದ ಮೇಲೆ ಬಸ್ಸು. ಬಸ್ಸು ಕುಣಿದಾಗಲೆಲ್ಲ ನನ್ನ ಹೆಂಡತಿ ದೊಡ್ಡ ಟ್ರಂಕನ್ನು ಕೂಸಿನ ಹಾಗೆ ಎರಡೂ ಕೈಯಿಂದ ಹಿಡಿಯುತ್ತಿದ್ದಳು.

ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಅತ್ತೆ ಆ ಟ್ರಂಕನ್ನು ನೋಡಿ ಮಗಳನ್ನು ಕೇಳಿದರು: “ಇಷ್ಟು ದೊಡ್ಡದರಾಗ ಏನ್ ತಂದಾರವ್ವ?”

“ಏನೂ ತಂದಿಲ್ಲ. ಒಯ್ಯಾಕ ಬಂದಾರ. ಕಪ್ಪಿ.”

ಅತ್ತೆಯ ಕೈಯಲ್ಲಿದ್ದ ಆರತಿ ಒಂದು ಕ್ಷಣ ನಿಂತು ಮತ್ತೆ ತಿರುಗಿತು. ಆ ಮನೆಯ ಪದ್ಧತಿಯಂತೆ ಅವರು ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳಬೇಕಾದ್ದನ್ನು ನನಗೆ ಕೇಳುವಷ್ಟು ಗಟ್ಟಿಯಾಗಿ ಮಗಳಿಗೆ ಹೇಳುತ್ತಿದ್ದರು. ನಾನು ಉತ್ತರವನ್ನು ಹೆಂಡತಿಗೆ ಹೇಳುತ್ತಿದ್ದೆ. ನಡುವೆ ನಿಂತ ಅವಳು ನಮ್ಮಿಬ್ಬರ ಮಾತಿಗೂ ತನ್ನದೊಂದಿಷ್ಟು ಸೇರಿಸುತ್ತಿದ್ದಳು.

ಕಪ್ಪೆಯ ವಿಷಯ ಶುರುವಾದದ್ದೂ ಆ ಊರಲ್ಲೇ. ಹಿಂದಿನ ವರ್ಷ ಹೆಣ್ಣು ನೋಡಲು ಬಂದವನು ತಿರುಗಿ ಹೋಗುವಾಗ ಊರ ಹಿಂದಿನ ಗುಡ್ಡದ ಬಂಡೆಸಂದಿಯಲ್ಲಿ ಎರಡು ಗಂಡು ನೆಲಗಪ್ಪೆ ಹಿಡಿದಿದ್ದೆ. ನಮ್ಮ ಹೊಲಗಳಲ್ಲಿ, ಬಚ್ಚಲ ಬದಿಯಲ್ಲಿ ಕಾಣುವ ಗುಳ್ಳೆಮೈಯ ಕಪ್ಪೆಗಿಂತ ಸಣ್ಣವು, ಬಂಡೆಯ ಹಾಗೆ ಕೆಂಪು ಛಾಯೆಯವು. ನಾನಾಗ ಹೈದರಾಬಾದಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದು ದೇಶದೊಳಗೆ ಸೇರಿತ್ತು. ನಮ್ಮ ಜಿಲ್ಲೆಗಳು ಮೈಸೂರಿಗೆ ಹೋಗುತ್ತವೆ ಎಂಬ ಮಾತು ಎಲ್ಲ ಕಡೆ ಇತ್ತು, ಇನ್ನೂ ಹೋಗಿರಲಿಲ್ಲ.

ಪ್ರತಿ ಜೀವಜಾತಿಯ ಕೋಶದಲ್ಲೂ ವರ್ಣತಂತುಗಳು ಗೊತ್ತಾದ ಸಂಖ್ಯೆಯಲ್ಲಿರುತ್ತವೆ. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಅವು ದಪ್ಪಗಾಗಿ, ಬಣ್ಣ ಹಿಡಿದು, ಎಣಿಸಲು ಸಿಗುತ್ತವೆ. ನೆಲಗಪ್ಪೆಯಲ್ಲಿ ಇಪ್ಪತ್ತೆರಡು. ಕಾಲೇಜಿನ ಹಿತ್ತಲಿನ ಕಪ್ಪೆಗಳಲ್ಲಿ ಯಾವಾಗ ಎಣಿಸಿದರೂ ಅಷ್ಟೇ. ಸುರಪುರದ ಗುಡ್ಡದ ಎರಡು ಕಪ್ಪೆಗಳಲ್ಲಿ ಮಾತ್ರ ಇಪ್ಪತ್ತೆರಡರ ಪಕ್ಕದಲ್ಲಿ ಇನ್ನೊಂದಿತ್ತು. ತೀರ ಸಣ್ಣದು, ಜೋಡಿಯಿಲ್ಲದ್ದು, ಪೂರ್ಣವಿರಾಮದ ಚುಕ್ಕೆಯಷ್ಟು.

ನನ್ನ ಪ್ರೊಫೆಸರು ಜೀವಿಗಳಿಗೆ ಹೆಸರಿಡುವುದರಲ್ಲಿ ದೊಡ್ಡ ಹೆಸರು ಮಾಡಿದವರು. ಸ್ಲೈಡಿನಿಂದ ಕಣ್ಣು ತೆಗೆಯದೆ ಉರ್ದುವಿನಲ್ಲಿ ಹೇಳಿದರು: “ಮಿಯಾ, ಇದು ಹೊಸ ಜಾತಿ. ಮೈ ಬೇರೆ, ಬಣ್ಣ ಬೇರೆ, ಸಂಖ್ಯೆಯೂ ಬೇರೆ. ನಿನ್ನ ಮಾವನ ಊರಿನ ಹೆಸರೇ ಇಡೋಣ.” ಅವರ ಪ್ರಬಂಧ ಬಹುತೇಕ ಸಿದ್ಧವಿತ್ತು. ನಾನು ಗುಡ್ಡದ ಕಪ್ಪೆಗಳನ್ನು ಇನ್ನಷ್ಟು ಹಿಡಿದು ಫಾರ್ಮಲಿನ್‌ನಲ್ಲಿ ತರಬೇಕು, ಅಷ್ಟೇ ಉಳಿದದ್ದು.

ನನ್ನ ಮಾವ ತಹಸೀಲ್ ಕಚೇರಿಯಲ್ಲಿ ಗುಮಾಸ್ತರು. ಜೀವನವಿಡೀ ಉರ್ದುವಿನಲ್ಲಿ ಬರೆದವರು ಈಗ ಸರಕಾರದ ಕೆಲಸಕ್ಕೆ ಬೇಕಾಗುತ್ತದೆಂದು ಕನ್ನಡ ಬರೆಯಲು ಕಲಿಯುತ್ತಿದ್ದರು. ಪಡಸಾಲೆಯಲ್ಲಿ ಕೂತು ಮಗಳ ಹಳೆಯ ಪಾಟಿಯ ಮೇಲೆ ಒತ್ತಕ್ಷರ ತಿದ್ದುವುದು ಅವರ ಸಂಜೆಯ ಕೆಲಸ. ಊರ ಹೆಸರಿನ ಸುದ್ದಿಯನ್ನು ನಾನು ಒಮ್ಮೆ ಬಾಯ್ತಪ್ಪಿ ಹೇಳಿದ್ದೆ. ನಾವು ಬರುವಷ್ಟರಲ್ಲಿ ಅದು ಇಡೀ ಪೇಟೆಗೆ ಗೊತ್ತಾಗಿತ್ತು.

“ಅಳಿಯಾರ, ವಿಲಾಯತಿ ಪುಸ್ತಕದಾಗ ನಮ್ಮ ಸುರಪುರ ಬರ್ತದಂತ ಎಲ್ಲರಿಗೂ ಹೇಳೀನಿ,” ಎಂದರು ಮಾವ. “ಕಪ್ಪಿ ಹೆಸರಾದ್ರ ಏನಾತು, ಬರ್ತದಲ್ಲ!”

ಮೊದಲ ದೊಡ್ಡ ಮಳೆ ಒಂದು ಸಂಜೆ ಬಂತು. ಗುಡ್ಡದಿಂದ ಕೆಂಪು ನೀರು ಇಳಿದು ಬುಡದ ತಗ್ಗಿನಲ್ಲಿ ನಿಂತಿತು. ರಾತ್ರಿಯಿಡೀ ಕೇಳಿದ ಕಪ್ಪೆಗಳ ಕೂಗು ಬೆಳಗಾದರೂ ನಿಂತಿರಲಿಲ್ಲ. ಬೆಳಕು ಹರಿಯುತ್ತಲೇ ನಾನೂ ಹೆಂಡತಿಯೂ ಅಲ್ಲಿದ್ದೆವು. ಅವಳ ಕೈಯಲ್ಲಿ ಹಳೆಯ ಪರದೆ ಬಟ್ಟೆಯ ಬಲೆ, ನನ್ನ ಕೈಯಲ್ಲಿ ಫಾರ್ಮಲಿನ್ ಡಬ್ಬಿ. ತಗ್ಗಿನ ಒಂದು ಬದಿ ಬಂಡೆ, ಇನ್ನೊಂದು ಬದಿ ಉತ್ತ ಹೊಲ. ನೀರಿನ ತುಂಬ ಜೋಡಿಗಳು. ಹೆಣ್ಣಿನ ಬೆನ್ನಮೇಲೆ ಗಂಡು ಕೂತು ಕಂಕುಳ ಕೆಳಗೆ ಕೈಹಾಕಿ ಬಿಗಿಯಾಗಿ ಹಿಡಿದಿರುತ್ತದೆ. ನಾನು ಒಂದು ಕೆಂಪು ಗಂಡನ್ನು ಹಿಡಿದೆತ್ತಿದೆ. ಅದರ ಜೊತೆಗೇ ಹೆಣ್ಣೂ ಬಂತು.

ಹೆಣ್ಣು ದೊಡ್ಡದು. ಮಣ್ಣುಬಣ್ಣದ್ದು. ಮೈತುಂಬ ಗುಳ್ಳೆ. ಹೊಲದ ಕಪ್ಪೆ!

“ಇವೆರಡೂ ಬ್ಯಾರೆ ಬ್ಯಾರೆ ಅಂದಿದ್ರಲ್ರಿ?” ಎಂದಳು ಹೆಂಡತಿ.

“ನಾ ಅಂದಿದ್ದೆ. ಇವು ಅಂದಿಲ್ಲ ನೋಡು.”

ಅಂಥದೇ ಇನ್ನೊಂದು ಜೋಡಿ ಕಂಡಿತು, ಆಮೇಲೆ ಮತ್ತೊಂದು. ಕಪ್ಪೆಗಳು ತಪ್ಪು ಜಾತಿಯನ್ನು ಅಪ್ಪುವುದೂ ಉಂಟು. ಅಪ್ಪಿದ ಮಾತ್ರಕ್ಕೆ ಒಂದೇ ಜಾತಿ ಎನ್ನಲಾಗದು. ಆದರೆ ಆ ಮೊಟ್ಟೆಗಳು ಮರಿಯಾಗುತ್ತವೆಯೇ, ಮರಿಗಳು ಬೆಳೆಯುತ್ತವೆಯೇ, ಆ ಸಣ್ಣ ತಂತು ಅವುಗಳಿಗೆ ಬರುತ್ತದೆಯೇ? ಇನ್ನೂ ಒಂದು ಯೋಚನೆ ಬಂತು. ನಾವು ಎಣಿಸಿದ್ದು ಹೈದರಾಬಾದಿನ ಹಿತ್ತಲ ಕಪ್ಪೆಗಳನ್ನು. ಸುರಪುರದ ಹೊಲದ ಕಪ್ಪೆಯನ್ನು ಒಮ್ಮೆಯೂ ಎಣಿಸಿರಲಿಲ್ಲ.

ಡಬ್ಬಿಯ ಮುಚ್ಚಳ ಬಿಗಿ ಮಾಡಿ ದಂಡೆಯ ಮೇಲಿಟ್ಟೆ. ರಜೆ ಮುಗಿಯುವ ಮೊದಲು ಹಿಂದಿರುಗಬೇಕಿತ್ತು. ಮೊಟ್ಟೆಯಿಂದ ಸಾಕುವುದೆಂದರೆ ಇಡೀ ಮಳೆಗಾಲದ ಕೆಲಸ. ಪ್ರೊಫೆಸರು ಸಿಟ್ಟಾದರೆ ನನ್ನ ಪದವಿಯ ಗತಿ ಏನೆಂದು ನನಗೆ ಗೊತ್ತಿತ್ತು.

“ನಾವು ಇಲ್ಲೇ ಇರೂನು. ಇವನ್ನ ಜೀವಂತ ಒಯ್ಯೂನು,” ಎಂದೆ.

“ಎಲ್ಲಿಗೆ?”

“ನಿಮ್ಮ ಮನಿಗೆ.”

ಅವಳು ಬಲೆ ನೀರಲ್ಲೇ ಬಿಟ್ಟು ನಗತೊಡಗಿದಳು. “ನಮ್ಮವ್ವಗ ನೀವೇ ಹೇಳ್ರಿ. ಇದೊಂದು ಮಾತು ನಾ ಮುಟ್ಟಸಂಗಿಲ್ಲ.”

ಕೊನೆಗೆ ಹೇಳಿದವಳು ಅವಳೇ. ಅಡುಗೆಮನೆಯಿಂದ ಅತ್ತೆಯ ದನಿ ಪಡಸಾಲೆಯವರೆಗೆ ಬಂತು: “ಅಳಿಯಾರು ಬಂದ್ರ ಹೋಳಿಗಿ ಮಾಡ್ಬೇಕೋ ಕಪ್ಪಿ ಬಾಣಂತನ ಮಾಡ್ಬೇಕೋ ಕೇಳು!” ಆದರೆ ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಮೂರು ದೊಡ್ಡ ಹರವಿಗಳು ಉರುಳುವ ಸದ್ದಾಯಿತು. ನೀರು ತುಂಬುವ ಹಳೆಯ ಮಣ್ಣಿನ ಹರವಿಗಳು, ಬಾಯಿ ಸ್ವಲ್ಪ ಮುಕ್ಕಾದವು. ಒಂದರಲ್ಲಿ ಗುಡ್ಡದ ಜೋಡಿ, ಒಂದರಲ್ಲಿ ಹೊಲದ ಜೋಡಿ, ಮೂರನೆಯದರಲ್ಲಿ ಮಿಶ್ರಜೋಡಿ. ಯಾವುದು ಯಾವುದೆಂದು ಗುರುತು ಬೇಕಿತ್ತು. ಮಾವ ಸುಣ್ಣದಲ್ಲಿ ಬೆರಳು ಅದ್ದಿ ಹೊಸದಾಗಿ ಕಲಿತ ಅಕ್ಷರದಲ್ಲಿ ಮೊದಲನೆಯದರ ಮೇಲೆ ‘ಗುಡ್ಡ’ ಎಂದು ಒತ್ತಕ್ಷರ ಸಹಿತ ಬರೆದರು. ಎರಡನೆಯದಕ್ಕೆ ‘ಹೊಲ’. ಮೂರನೆಯದರ ಮುಂದೆ ಸ್ವಲ್ಪ ಯೋಚಿಸಿ ‘ಬೀಗರು’ ಎಂದು ಬರೆದರು.

ಮರುದಿನ ಹರವಿಗಳಲ್ಲಿ ಉದ್ದನೆಯ ಲೋಳೆಯ ಎಳೆಗಳು, ಅವುಗಳೊಳಗೆ ಸಾಲಾಗಿ ಕಪ್ಪು ಮೊಟ್ಟೆಗಳು. ದೂರದಿಂದಲೇ ಬಗ್ಗಿ ನೋಡಿದ ಅತ್ತೆ, “ಕರಿಮಣಿ ಪೋಣಿಸಿದಂಗ ಅದ ನೋಡು,” ಎಂದು ಮಗಳಿಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಮೊಟ್ಟೆಗಳೆಲ್ಲ ಸತ್ತವು. ಮಳೆ ಬಿಟ್ಟು ಬಿಸಿಲು ಬಿತ್ತು, ಹಿತ್ತಲಿನ ಹರವಿಯ ನೀರು ಬಿಸಿಯಾಯಿತು. ಮೊಟ್ಟೆಗಳ ಮೇಲೆ ಹತ್ತಿಯಂಥ ಬೂಷ್ಟು ಹತ್ತಿತು. ಅಷ್ಟರಲ್ಲಿ ಹೈದರಾಬಾದಿನಿಂದ ಪ್ರೊಫೆಸರ ತಂತಿ ಬಂತು: ಕಪ್ಪೆಗಳೊಂದಿಗೆ ಕೂಡಲೇ ಹೊರಡು. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಆ ವಾಸನೆಯ ನೀರನ್ನೇ ನೋಡುತ್ತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ಫಾರ್ಮಲಿನ್ ಡಬ್ಬಿಯಲ್ಲೂ ಒಂದು ಕಪ್ಪೆಯಿರಲಿಲ್ಲ.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು. “ಮತ್ತೊಂದು ಮಳಿ ಬರಂಗಿಲ್ಲೇನ್ರಿ?”

“ಬರ್ತದ.”

“ಹಂಗಾದ್ರ ಹರವಿ ತೊಳಿಯೂನು ಏಳ್ರಿ.”

ನಾವು ಬೂದಿ ಹಚ್ಚಿ ಮೂರೂ ಹರವಿ ತೊಳೆದೆವು. ಅವನ್ನು ಈ ಸಲ ದನದ ಕೊಟ್ಟಿಗೆಯ ನೆರಳಿನಲ್ಲಿ, ಅರ್ಧ ನೆಲದಲ್ಲಿ ಹೂತು, ಸುತ್ತ ಒದ್ದೆ ಗೋಣಿಚೀಲ ಸುತ್ತಿದೆವು. ನಾನು ಅಂಚೆ ಕಚೇರಿಗೆ ಹೋಗಿ ತಂತಿ ಕೊಟ್ಟೆ: ಕಪ್ಪೆಗಳು ಮೊಟ್ಟೆಯಿಡಬೇಕಿದೆ, ಬರಲಾಗದು. ತಂತಿ ಕಳಿಸುವವನು ಅದನ್ನು ಎರಡು ಸಲ ಓದಿ, “ಮನಿಯಾಗ ಎಲ್ಲಾ ಆರಾಮ ಅದಾರಲ್ರಿ?” ಎಂದು ಕೇಳಿದ.

ಮುಂದಿನ ಮಳೆಗೆ ಹಿಡಿದ ಜೋಡಿಗಳ ಮೊಟ್ಟೆಗಳು ಒಡೆದವು. ಮೂರೂ ಹರವಿಯಲ್ಲಿ ಕಪ್ಪು ಗೊದಮೊಟ್ಟೆಗಳು ಬಾಲ ಆಡಿಸತೊಡಗಿದವು. ಬೀಗರ ಹರವಿಯಲ್ಲಿ ಮರಿಗಳು ಉಳಿದ ಎರಡರಷ್ಟೇ ಚುರುಕಾಗಿದ್ದವು. ಬೇಯಿಸಿದ ರಾಜಗಿರಿ ಸೊಪ್ಪು ಹಾಕಿದರೆ ಮುತ್ತಿಕೊಂಡು ತಿನ್ನುತ್ತಿದ್ದವು. ಅಡುಗೆಮನೆಯಿಂದ ದಿನಾ ಒಂದು ಹಿಡಿ ಸೊಪ್ಪು ಬೇರೆಯಾಗಿ ಬೆಂದು ಬರತೊಡಗಿತು.

ಇನ್ನು ಎಣಿಸುವ ಕೆಲಸ. ಗೊದಮೊಟ್ಟೆಯ ಬಾಲದ ತುದಿ ಬೆಳೆಯುವ ಭಾಗ. ಅಲ್ಲಿ ಕೋಶಗಳು ಸದಾ ಒಡೆಯುತ್ತಿರುತ್ತವೆ. ತುದಿಯನ್ನು ಬ್ಲೇಡಿನಿಂದ ಸಾಸಿವೆಯಷ್ಟು ಕತ್ತರಿಸಿ, ಆಮ್ಲದಲ್ಲಿ ನೆನೆಸಿ, ಕೆಂಪು ಬಣ್ಣದ ಹನಿಯಲ್ಲಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಯದಂತೆ ಬೆಚ್ಚಗೆ ಮಾಡಬೇಕು. ಆಮೇಲೆ ತೆಳುಗಾಜು ಮುಚ್ಚಿ, ಒತ್ತುಕಾಗದ ಇಟ್ಟು, ಹೆಬ್ಬೆರಳಿನಿಂದ ನೇರ ಒತ್ತಬೇಕು. ಬೆರಳು ಕೂದಲೆಳೆಯಷ್ಟು ಸರಿದರೂ ಕೋಶ ಹರಿದುಹೋಗುತ್ತದೆ. ನನ್ನ ಬೆರಳು ನಡುಗುತ್ತಿತ್ತು. ರೊಟ್ಟಿ ತಟ್ಟಿ ಪಳಗಿದ ಹೆಂಡತಿಯ ಕೈ ನಡುಗುತ್ತಿರಲಿಲ್ಲ. ಒತ್ತುವ ಕೆಲಸ ಅವಳದಾಯಿತು. ಮನೆಯಲ್ಲಿ ವಿದ್ಯುತ್ತಿಲ್ಲ. ಸೂಕ್ಷ್ಮದರ್ಶಕದ ಕನ್ನಡಿಗೆ ಬಿಸಿಲು ಬೀಳುವಲ್ಲಿ ಕೂರಬೇಕು. ಬೆಳಿಗ್ಗೆ ಅಂಗಳ, ಮಧ್ಯಾಹ್ನ ಪಡಸಾಲೆಯ ಕಿಟಕಿ, ಸಂಜೆ ಹಿತ್ತಲು ಎಂದು ಬಿಸಿಲಿನ ಹಿಂದೆ ಸ್ಟೂಲು ಹೊತ್ತು ತಿರುಗುತ್ತಿದ್ದೆವು.

“ಬಾಲ ಕೊಯ್ದ್ರ ಸಾಯಂಗಿಲ್ಲೇನು ಕೇಳು,” ಎಂದರು ಅತ್ತೆ ಮಗಳಿಗೆ.

“ಮತ್ತ ಬೆಳೀತದಂತ ಹೇಳು,” ಎಂದೆ ನಾನು.

ಮೊದಲ ಸ್ಲೈಡುಗಳಲ್ಲಿ ಕಂಡದ್ದು ಬರೀ ಮಸಿ. ಈ ಮರಿಗಳ ಚರ್ಮದ ತುಂಬ ಕಪ್ಪು ಬಣ್ಣದ ಕಣಗಳು. ಒತ್ತಿದಾಗ ಅವು ಚೆಲ್ಲಿ ತಂತುಗಳ ನಡುವೆ ಸೇರಿಬಿಡುತ್ತಿದ್ದವು. ನಾನು ಹುಡುಕುತ್ತಿದ್ದ ಇಪ್ಪತ್ತಮೂರನೆಯದೂ ಅಷ್ಟೇ ಸಣ್ಣದು. ಯಾವುದು ತಂತು, ಯಾವುದು ಕಣ? ಒಂದು ಸ್ಲೈಡಿನಲ್ಲಿ ಇಪ್ಪತ್ತಮೂರು ಕಂಡಿತೆಂದು ಸಂಭ್ರಮಿಸಿದರೆ ಮುಂದಿನದರಲ್ಲಿ ಮೂವತ್ತು ಕಾಣುತ್ತಿತ್ತು.

ಎಂದೋ ಓದಿದ್ದು ಆಗ ನೆನಪಾಯಿತು. ಬಿಳಿ ತಳದ ಮೇಲೆ ಸಾಕಿದ ಗೊದಮೊಟ್ಟೆಗಳು ಬಿಳಚಿಕೊಳ್ಳುತ್ತವೆ. ಬಣ್ಣ ಕೋಶದ ನಡುವಿಗೆ ಸರಿದು ಸುತ್ತ ತಿಳಿಯಾಗುತ್ತದೆ. ಹೆಂಡತಿಗೆ ಹೇಳಿದೆ. ಅವಳು ಒಳಗೆ ಹೋಗಿ ನಮ್ಮ ಮದುವೆಯಲ್ಲಿ ಉಡುಗೊರೆ ಬಂದ ಬಿಳಿ ಎನಾಮಲ್ ಪರಾತಗಳನ್ನು ತಂದಳು. ಕೆಲವು ಮರಿಗಳನ್ನು ಅವುಗಳಲ್ಲಿ ಬಿಟ್ಟು ಬಯಲ ಬೆಳಕಿನಲ್ಲಿಟ್ಟೆವು. ಮರಿಗಳು ನಿಧಾನಕ್ಕೆ ಬೂದಿಬಣ್ಣಕ್ಕೆ ತಿರುಗಿದವು. ಅವುಗಳ ಬಾಲದ ಸ್ಲೈಡಿನಲ್ಲಿ ಮಸಿ ಗುಂಪುಗೂಡಿ ದೂರ ನಿಂತಿತ್ತು. ನಡುವೆ ತಿಳಿಯಾದ ಜಾಗದಲ್ಲಿ ಕೆಂಪು ತಂತುಗಳು, ಕಾಲು ಚಾಚಿ ಮಲಗಿದ ಹಾಗೆ. ಕಣವೆಂದರೆ ಕಪ್ಪು, ತಂತುವೆಂದರೆ ಕೆಂಪು. ಚೆನ್ನಾಗಿ ಒತ್ತಿದ ಕೋಶದಲ್ಲಿ ಆ ಅತಿಸಣ್ಣ ತಂತುವೂ ಉಳಿದವುಗಳ ಹಾಗೆ ಉದ್ದಕ್ಕೆ ಸೀಳಿ ಎರಡಾಗಲು ಸಿದ್ಧವಾಗಿರುವುದು ಕಾಣುತ್ತಿತ್ತು. ಧೂಳಿನ ಕಣ ಎಂದೂ ಹಾಗೆ ಸೀಳುವುದಿಲ್ಲ.

ಗುಡ್ಡದ ಹರವಿಯಲ್ಲಿ ಕೆಲವು ಮರಿಗಳಿಗೆ ಇಪ್ಪತ್ತಮೂರು, ಕೆಲವಕ್ಕೆ ಇಪ್ಪತ್ತೆರಡು. ಒಂದೇ ತಂದೆತಾಯಿಯ ಮಕ್ಕಳು! ಬೀಗರದ್ದೂ ಹಾಗೆಯೇ. ಹೊಲದ ಹರವಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ಕಿಟಕಿಯ ಬಳಿ ಅದರ ಸ್ಲೈಡು ಇಟ್ಟು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಹೆಂಡತಿಯನ್ನು ಕರೆದು ಏನೂ ಹೇಳದೆ ಕೂರಿಸಿದೆ. ಅವಳು ತುಟಿಯಲ್ಲೇ ಎಣಿಸಿ ಮುಗಿಸಿ ತಲೆಯೆತ್ತಿದಳು.

“ಇದು ಹೊಲದ್ದಲ್ರಿ?”

“ಹೌದು.”

“ಇದಕ್ಕೂ ಅದ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಚುಕ್ಕೆ ಗುಡ್ಡದ ಕಪ್ಪೆಯದೇ ಗುರುತಲ್ಲ ಎಂದ ಮೇಲೆ ಹೊಸ ಜಾತಿ ಕೈಬಿಟ್ಟು ಹೋಗಿತ್ತು, ಊರ ಹೆಸರೂ ಹೋಗಿತ್ತು. ದುಃಖವಾಗಬೇಕಿತ್ತು. ನನಗೆ ಎದ್ದು ಕುಣಿಯಬೇಕೆನಿಸಿತು. ಯಾರಿಗೂ ಗೊತ್ತಿರದ ಒಂದು ಸಂಗತಿ ಆ ಕಿಟಕಿಯ ಬಳಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಸಂಜೆಯವರೆಗೆ ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆವು. ಮಾವ ಊಟಕ್ಕೆ ಕೂತಾಗ ನಮ್ಮನ್ನು ನೋಡಿ, “ಏನ್ ಆಗ್ಯದ ಇಬ್ಬರಿಗೂ, ಸುಮ್ಮನ ನಗಾಕತ್ತೀರಿ?” ಎಂದರು.

ಪ್ರೊಫೆಸರು ಮುನ್ಸೂಚನೆಯಿಲ್ಲದೆ ಬಂದರು. ಗೊದಮೊಟ್ಟೆಗಳಿಗೆ ಹಿಂಗಾಲು ಮೂಡುತ್ತಿದ್ದ ದಿನಗಳು. ಬಸ್ಸಿನ ಧೂಳು ಮೆತ್ತಿದ ಶೇರ್ವಾನಿಯಲ್ಲಿ ಬಾಗಿಲಲ್ಲಿ ನಿಂತು, “ನನ್ನ ಕಪ್ಪೆಗಳೆಲ್ಲಿ?” ಎಂದರು. ಮಾವ ಕಚೇರಿಯ ಉರ್ದುವಿನಲ್ಲಿ ಅವರನ್ನು ಬರಮಾಡಿಕೊಂಡರು. ಕಾಲಿಗೆ ನೀರು, ಗಾದಿಯ ಮೇಲೆ ಆಸನ, ಬಿಸಿ ರೊಟ್ಟಿ, ಎಣ್ಣೆಗಾಯಿ. ಪ್ರೊಫೆಸರ ಸಿಟ್ಟಿಗೆ ಜಾಗವೇ ಸಿಗಲಿಲ್ಲ. ಊಟವಾದ ಮೇಲೆ ನಾನು ಸ್ಟೂಲನ್ನು ಬಿಸಿಲಿಗೆ ಸರಿಸಿ, “ಒಂದು ಸ್ಲೈಡು ನೋಡಿ ಸರ್,” ಎಂದೆ.

ಅವರು ನೋಡಿದರು. ಬೆರಳಿನಿಂದ ತೊಡೆ ತಟ್ಟುತ್ತ ಎಣಿಸಿದರು. “ಇಪ್ಪತ್ತಮೂರು. ಸೊಗಸಾಗಿ ಒತ್ತಿದ್ದೀಯ. ಇಷ್ಟು ಒಳ್ಳೆಯ ಗುಡ್ಡದ ಸ್ಲೈಡು ಇಟ್ಟುಕೊಂಡು ಇಲ್ಲೇಕೆ ಕೂತೆ?”

“ಒತ್ತಿದ್ದು ನಾನಲ್ಲ ಸರ್, ನನ್ನ ಹೆಂಡತಿ. ಇದು ಗುಡ್ಡದ್ದೂ ಅಲ್ಲ. ಹೊಲದ್ದು.”

ಪ್ರೊಫೆಸರು ಕನ್ನಡಿಯನ್ನು ಬಿಸಿಲಿಗೆ ಇನ್ನಷ್ಟು ತಿರುಗಿಸಿದರು.

“ಚರ್ಮದ ಬಣ್ಣದ ಕಣ ಇರಬೇಕು.”

“ಕಣ ಕಪ್ಪು ಸರ್. ಇದು ಕೆಂಪಿದೆ. ಉದ್ದಕ್ಕೆ ಸೀಳಿದೆ, ನೋಡಿ.”

ಅವರು ಮತ್ತೆ ಬಗ್ಗಿದರು. ಇನ್ನೊಂದು ಸ್ಲೈಡು ಕೇಳಿದರು, ಮತ್ತೂ ಒಂದು. ಬಿಸಿಲು ಹಿತ್ತಲಿಗೆ ಸರಿಯಿತು, ಅವರೇ ಸೂಕ್ಷ್ಮದರ್ಶಕ ಎತ್ತಿಕೊಂಡು ಹಿತ್ತಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಶೇರ್ವಾನಿ ತೆಗೆದು ಗೂಟಕ್ಕೆ ಹಾಕಿದರು. ನಾನು ಹಿಂದೆ ನಿಂತಿದ್ದೆ. ಬಿಸಿಲು ಇಳಿದು ಕನ್ನಡಿ ಮಂಕಾದಾಗ ಅವರು ಎದ್ದು ಕೊಟ್ಟಿಗೆಯ ಬೀಗರ ಹರವಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಲು ಮೂಡಿದ ಮರಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು.

“ಒಂದು ಹೆಸರು ಇಡಲು ಬಂದೆ, ಇದ್ದ ಹೆಸರೇ ಸಾಕು ಅಂತಿವೆ ಇವು,” ಎಂದರು. “ಪ್ರಬಂಧ ಹರಿದು ಹಾಕೋಣ. ಈ ಪುಟ್ಟದು ಮುಸುಕಿನ ಜೋಳದಲ್ಲಿ, ಮಿಡತೆಯಲ್ಲಿ ಇರುವಂಥ ಹೆಚ್ಚುವರಿ ತಂತು ಇರಬೇಕು. ಇದ್ದರೂ ಜೀವ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಕಪ್ಪೆಯಲ್ಲಿ ನಾನು ಕಂಡಿರಲಿಲ್ಲ. ಹೊಸ ಪ್ರಬಂಧ ನೀನು ಬರೆ. ಒತ್ತಿದವರ ಹೆಸರೂ ಅದರಲ್ಲಿರಲಿ.”

ಬಾಗಿಲ ಮರೆಯಲ್ಲಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಾವನಿಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. “ಅಂದ್ರ ಸಾಹೇಬ್ರ, ನಮ್ಮೂರ ಹೆಸರು ಇಡಂಗಿಲ್ಲೇನ್ರಿ?”

“ಇಡೀ ಹಿಂದುಸ್ಥಾನದಲ್ಲಿರುವ ಕಪ್ಪೆ ಇದು, ಜನಾಬ್.”

ಮಾವ ಮೀಸೆ ತಿರುವಿದರು. “ಹೋಗ್ಲಿ ಬಿಡ್ರಿ. ನನ್ನೇ ನೋಡ್ರಿ. ನಿನ್ನೆ ನಿಜಾಮರ ಗುಮಾಸ್ತ, ಇವತ್ತು ಹೈದರಾಬಾದ್ ಸರಕಾರದಂವ, ನಾಳಿಗಿ ಮೈಸೂರಿನವರ ಕೈಯಾಗ ಅಂತಾರ. ಮನಿಯಾಗ ಬೈಸ್ಕೊಳ್ಳೋದು ಒಂದೇ ಥರ ನಡದದ.”

ಅಡುಗೆಮನೆಯಿಂದ ಪಾತ್ರೆಯ ಸದ್ದು ಸ್ವಲ್ಪ ಜೋರಾಗಿ ಬಂತು.

ಎರಡು ದಿನಕ್ಕೆಂದು ಬಂದ ಪ್ರೊಫೆಸರು ಮರಿಗಳು ಬಾಲ ಕಳೆದುಕೊಳ್ಳುವವರೆಗೂ ಉಳಿದರು. ತೋಳು ಮಡಚಿ ಹರವಿಯ ನೀರು ಬದಲಿಸುತ್ತಿದ್ದರು. ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ನಾನು ಅಂಗಳದಲ್ಲಿ ಸ್ಲೈಡು ನೋಡುತ್ತಿದ್ದೆ. ಹೆಂಡತಿ ಬಾವಿಗೆ ಹೋಗಿದ್ದಳು. ಅತ್ತೆ ಬಾಗಿಲಿಗೆ ಬಂದು ಅತ್ತಿತ್ತ ನೋಡಿದರು. ಮಾತು ಮುಟ್ಟಿಸಲು ಯಾರೂ ಇರಲಿಲ್ಲ. ಸೆರಗು ಸರಿಮಾಡಿಕೊಂಡು ಹತ್ತಿರ ಬಂದು, “ನಾ ನೋಡಬಹುದೇನ್ರಿ?” ಎಂದರು.

ಮೊದಲ ಬಾರಿ ನನ್ನನ್ನೇ ಕೇಳಿದ್ದರು. ನಾನು ಸ್ಟೂಲು ಬಿಟ್ಟು ಎದ್ದೆ. ಅವರು ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಮುಚ್ಚಿಕೊಂಡು ನೋಡಿದರು.

“ಸಣ್ಣದು ಯಾವುದ್ರಿ?”

“ಕೆಳಗ, ಬಲಕ್ಕ, ಒಂದೇ ನಿಂತದ ನೋಡ್ರಿ.”

“ಹ್ಞಾಂ! ಸಿಕ್ತು ಸಿಕ್ತು!” ಎಂದು ಅವರು ನಕ್ಕ ನಗೆ ಥೇಟ್ ಮಗಳದ್ದೇ.

ಮತ್ತೊಂದು ಮಳೆಯ ಮರುದಿನ ಬೆಳಿಗ್ಗೆ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬಾಲ ಕಳೆದ ಮರಿಗಳು ಹರವಿಯ ಅಂಚು ಹತ್ತಿ ಹೊರಬಿದ್ದು, ಬೆರಳ ಉಗುರಿನಷ್ಟು ಪುಟ್ಟ ಕಪ್ಪೆಗಳಾಗಿ ಕೊಟ್ಟಿಗೆ, ಅಂಗಳ, ಪಡಸಾಲೆಯ ತುಂಬ ಜಿಗಿಯುತ್ತಿದ್ದವು. ಬೀಸುವ ಕಲ್ಲಿನ ಮೇಲೆ, ಮಾವನ ಪಾಟಿಯ ಮೇಲೆ, ದೇವರ ಕೋಣೆಯ ಹೊಸ್ತಿಲ ಮೇಲೆ. ಯಾವುದು ಗುಡ್ಡದ್ದು, ಯಾವುದು ಹೊಲದ್ದು, ಯಾವುದು ಬೀಗರದ್ದು ಎಂದು ಹೇಳುವುದು ಇನ್ನು ಯಾರಿಂದಲೂ ಸಾಧ್ಯವಿರಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊರ ಹಿಡಿದರು. ನಾವೆಲ್ಲ ಮಂಡಿಯೂರಿ ಮರಿ ಹಿಡಿಯತೊಡಗಿದೆವು. ಪ್ರೊಫೆಸರು ಮಂಚದ ಕೆಳಗೆ ತೆವಳಿ, ಹಿಡಿದ ಪ್ರತಿ ಮರಿಗೂ ಉರ್ದುವಿನಲ್ಲಿ ಕ್ಷಮೆ ಕೇಳುತ್ತಿದ್ದರು.

ಅವನ್ನು ಮೂರು ಮೊರದಲ್ಲಿ ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗುಡ್ಡದ ಬುಡಕ್ಕೆ ಹೊರಟೆವು. ಮುಂದೆ ಅತ್ತೆ, ಹಿಂದೆ ನಾನು, ಹೆಂಡತಿ, ಮಾವ, ಕೊನೆಗೆ ಪ್ರೊಫೆಸರು. ತಗ್ಗಿನ ಹತ್ತಿರ ಆಡು ಕಾಯುತ್ತಿದ್ದ ಹೆಂಗಸೊಬ್ಬಳು ನಮ್ಮ ಮೆರವಣಿಗೆ ನೋಡಿ ನಿಂತಳು.

“ಯಕ್ಕಾ, ಮೊರದಾಗ ಏನ್ ತಂದೀರಿ, ಇಷ್ಟು ಮಂದಿ ಬಂದೀರಲ್ಲ?”

ಅತ್ತೆ ಗಂಭೀರವಾಗಿ ಬಟ್ಟೆ ಸರಿಸಿ ತೋರಿಸಿದರು. “ನಮ್ಮ ಅಳಿಯಾರ ಸಂಸಾರ ನೋಡವ್ವಾ. ಮದುವಿ ಆಗಿ ವರ್ಷ ತುಂಬಿಲ್ಲ, ಇಷ್ಟು ಮಕ್ಕಳಾಗ್ಯಾವ. ಮನಿ ಸಾಲವಲ್ದು.”

ನನ್ನ ಹೆಂಡತಿ “ಯವ್ವಾ!” ಎಂದು ಕೂಗಿ ನಗೆ ತಡೆಯಲಾರದೆ ಬಗ್ಗಿದಳು. ಅವಳ ಕೈಯಲ್ಲಿದ್ದ ಮೊರ ವಾಲಿತು. ಮರಿಗಳು ಒಮ್ಮೆಗೇ ನೆಲಕ್ಕೆ ಬಿದ್ದು ಚೆದುರಿದವು. ಕೆಲವು ಬಂಡೆಯ ಕಡೆ ಹೋದವು, ಕೆಲವು ಹೊಲದ ಸಜ್ಜೆಯ ಸಾಲಿನೊಳಗೆ. ಎರಡು ಮಾತ್ರ ಪ್ರೊಫೆಸರ ಬೂಟು ಹತ್ತಿ ಕೂತವು. ಅವಾಗಿಯೇ ಇಳಿದು ಹೋಗುವವರೆಗೆ ಅವರು ಕಾಲು ಅಲುಗಿಸದೆ ನಿಂತಿದ್ದರು.